ಹ್ಯಾಲೋವೀನ್ ಭೂತಬಂಗಲೆಗಳು: ಭಯ ನಕಲಿ, ನಿಯಮ ಅಸಲಿ

ಅಮೆರಿಕದ ದೊಡ್ಡ ಥೀಮ್ ಪಾರ್ಕ್‌ಗಳು ವರ್ಷದ ಬಹುಪಾಲು ದಿನಗಳಲ್ಲಿ ಮಕ್ಕಳ ರಾಜ್ಯ. ಆದರೆ ಸೆಪ್ಟೆಂಬರ್ ಕಾಲಿಡುತ್ತಿದ್ದಂತೆ ಅಲ್ಲಿನ ಚಿತ್ರ ಬದಲಾಗುತ್ತದೆ. ಸಂಜೆಯಾಗುತ್ತಲೇ ಹಗಲಿನ ಪ್ರೇಕ್ಷಕರನ್ನು ಹೊರಗೆ ಕಳುಹಿಸಲಾಗುತ್ತದೆ. ಬೀದಿಗಳಿಗೆ ಕೃತಕ ಮಂಜು ಹರಿಯುತ್ತದೆ. ಬೇರೆಯದೇ ಟಿಕೆಟ್ ಕೊಂಡ ಯುವಜನರ ದಂಡು, ಹೆದರಿಸಿಕೊಳ್ಳುವುದಕ್ಕಾಗಿಯೇ ಗಂಟೆಗಟ್ಟಲೆ ಸರತಿಯಲ್ಲಿ ನಿಲ್ಲುತ್ತದೆ. ಅಕ್ಟೋಬರ್ 31ರ ಹ್ಯಾಲೋವೀನ್ ಹಬ್ಬದ ಹೆಸರಿನಲ್ಲಿ ನಡೆಯುವ ಈ ಉತ್ಸವಗಳ ಮುಖ್ಯ ಆಕರ್ಷಣೆ ಭೂತಬಂಗಲೆಗಳು.

ಹ್ಯಾಲೋವೀನ್ ಮೂಲತಃ ಕ್ರೈಸ್ತರ ಸರ್ವಸಂತರ ದಿನದ ಮುನ್ನಾ ರಾತ್ರಿ. ಐರ್ಲೆಂಡ್ ಮತ್ತು ಸ್ಕಾಟ್ಲೆಂಡ್‌ಗಳಿಂದ ವಲಸೆ ಬಂದವರು ಅದನ್ನು ಅಮೆರಿಕಕ್ಕೆ ತಂದರು. ಸತ್ತವರು ಆ ರಾತ್ರಿ ಹಿಂತಿರುಗುತ್ತಾರೆ ಎಂಬ ಹಳೆಯ ನಂಬಿಕೆ ಕಾಲಕ್ರಮದಲ್ಲಿ ಮಕ್ಕಳ ವೇಷ, ಮಿಠಾಯಿ, ಕುಂಬಳಕಾಯಿ ದೀಪಗಳ ವಿನೋದವಾಗಿ ಮಾರ್ಪಟ್ಟಿತು. ಇಲ್ಲಿ ಹೇಳುತ್ತಿರುವ ಭೂತಕ್ಕೂ ನಮ್ಮ ಕರಾವಳಿಯ ಭೂತಾರಾಧನೆಗೂ ಯಾವ ಸಂಬಂಧವೂ ಇಲ್ಲ ಎಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ. ನಮ್ಮ ಓದುಗರಿಗೆ ಹತ್ತಿರದ ಹೋಲಿಕೆ ಬೇಕೆಂದರೆ ಜಾತ್ರೆ, ವಸ್ತುಪ್ರದರ್ಶನಗಳಲ್ಲಿ ತಗಡಿನ ಗೋಡೆಯ ಮೇಲೆ ಅಸ್ಥಿಪಂಜರ ಬರೆದು ನಿಲ್ಲಿಸುವ ದೆವ್ವದ ಮನೆಯನ್ನು ನೆನಪಿಸಿಕೊಳ್ಳಬಹುದು. ಒಳಗೆ ಕತ್ತಲು, ಕಿರುಚಾಟ, ಎಲ್ಲಿಂದಲೋ ಚಾಚುವ ಕೈ. ಅದೇ ಕಲ್ಪನೆ, ಸಿನಿಮಾ ಸ್ಟುಡಿಯೋದ ಹಣ ಮತ್ತು ಕೌಶಲ ಸೇರಿದರೆ ಏನಾಗಬಹುದೋ ಅದು ಈ ಭೂತಬಂಗಲೆಗಳಲ್ಲಿದೆ.

ಹಣ್ಣಿನ ತೋಟದಲ್ಲಿ ಹುಟ್ಟಿದ ಉತ್ಸವ

ಥೀಮ್ ಪಾರ್ಕ್‌ಗಳ ಹ್ಯಾಲೋವೀನ್ ಉತ್ಸವದ ತವರು ಕ್ಯಾಲಿಫೋರ್ನಿಯಾದ ಬ್ಯೂನಾ ಪಾರ್ಕ್ ಪಟ್ಟಣದಲ್ಲಿರುವ ನಾಟ್ಸ್ ಬೆರಿ ಫಾರ್ಮ್. ವಾಲ್ಟರ್ ನಾಟ್ ಎಂಬ ರೈತ 1920ರಲ್ಲಿ ಅಲ್ಲಿ ಬೆರಿ ಹಣ್ಣು ಬೆಳೆದು ರಸ್ತೆ ಬದಿಯಲ್ಲಿ ಮಾರತೊಡಗಿದ. 1934ರಲ್ಲಿ ಅವನ ಹೆಂಡತಿ ಕಾರ್ಡೀಲಿಯಾ ಕೋಳಿ ಊಟ ಬಡಿಸಲಾರಂಭಿಸಿದಳು. ಊಟಕ್ಕೆ ಕಾದು ನಿಲ್ಲುವವರ ಕಾಲಕ್ಷೇಪಕ್ಕೆಂದು 1940ರ ಸುಮಾರಿಗೆ ಪಶ್ಚಿಮ ಅಮೆರಿಕದ ಗಣಿಗಾರಿಕೆ ಕಾಲದ ಪಾಳುಬಿದ್ದ ಊರೊಂದನ್ನು ಕಟ್ಟಲಾಯಿತು. 'ಗೋಸ್ಟ್ ಟೌನ್' ಎಂಬ ಆ ಊರೇ ಮುಂದೆ ದೆವ್ವಗಳಿಗೆ ಸಿದ್ಧ ರಂಗಭೂಮಿಯಾಯಿತು.

1973ರ ಅಕ್ಟೋಬರ್‌ನಲ್ಲಿ ಮೂರು ರಾತ್ರಿಗಳ ಮಟ್ಟಿಗೆ ಪ್ರಯೋಗ ನಡೆಯಿತು. ಹೊಸ ಕಟ್ಟಡ ಕಟ್ಟಲಿಲ್ಲ. ಇದ್ದ ಗಣಿ ರೈಲು ಮತ್ತು ಮರದ ದಿಮ್ಮಿಯ ಜಲಸವಾರಿಯ ದಾರಿಯಲ್ಲಿ ವೇಷಧಾರಿಗಳನ್ನು ಅಡಗಿಸಿ ಕೂರಿಸಲಾಯಿತು. ಜನ ಮುಗಿಬಿದ್ದರು. ಮುಂದಿನ ವರ್ಷಗಳಲ್ಲಿ ಉತ್ಸವ ಬೆಳೆದು 'ನಾಟ್ಸ್ ಸ್ಕೇರಿ ಫಾರ್ಮ್' ಎಂದು ಹೆಸರಾಯಿತು. ಕಿರುತೆರೆಯ ಎಲ್ವೈರಾ ಪಾತ್ರ ಅನೇಕ ವರ್ಷ ಇಲ್ಲಿನ ವೇದಿಕೆಯ ಆಕರ್ಷಣೆಯಾಗಿತ್ತು. 2017ರಲ್ಲಿ ಆಕೆ ಇಲ್ಲಿ ವಿದಾಯ ಪ್ರದರ್ಶನ ನೀಡಿದಳು. 2023ರಲ್ಲಿ ಉತ್ಸವಕ್ಕೆ 50 ತುಂಬಿತು.

ಇಲ್ಲಿ ಬಂಗಲೆಗಳನ್ನು 'ಮೇಜ್', ಅಂದರೆ ಚಕ್ರವ್ಯೂಹ ಎನ್ನುತ್ತಾರೆ. ಒಂದೊಂದು ಮೇಜ್ ಹಲವು ವರ್ಷ ಉಳಿಯುತ್ತದೆ. ಹೀಗಾಗಿ ಖಾಯಂ ಪ್ರೇಕ್ಷಕರಿಗೆ ಅವುಗಳೊಂದಿಗೆ ಹಳೆಯ ನಂಟು ಬೆಳೆಯುತ್ತದೆ. 2012ರಲ್ಲಿ ಬಂದ 'ಟ್ರಿಕ್ ಆರ್ ಟ್ರೀಟ್' ಅಂಥ ಒಂದು ಅಚ್ಚುಮೆಚ್ಚು. ಹಸಿರು ಮುಖದ ಮಾಟಗಾತಿಯ ಮನೆಯೊಳಗೆ ಹಾದುಹೋಗುವುದಷ್ಟೇ ಕತೆ. ಅದು ಮುಚ್ಚಿದ ಬಳಿಕ ಅದೇ ಮಾಟಗಾತಿಯ ಪೂರ್ವಕತೆಯನ್ನು ಹೇಳುವ 'ಒರಿಜಿನ್ಸ್: ದಿ ಕರ್ಸ್ ಆಫ್ ಕ್ಯಾಲಿಕೊ' 2019ರಲ್ಲಿ ತೆರೆಯಿತು. ಗೋಸ್ಟ್ ಟೌನ್‌ನ ಬೀದಿಗಳಲ್ಲಿ ಇನ್ನೊಂದು ವಿಶೇಷವಿದೆ. ಮೊಣಕಾಲಿಗೆ ಲೋಹದ ಕವಚ ಕಟ್ಟಿಕೊಂಡ ವೇಷಧಾರಿಗಳು ಓಡಿ ಬಂದು ನೆಲದ ಮೇಲೆ ಕಿಡಿ ಹಾರಿಸುತ್ತಾ ಜಾರಿ, ನಡೆಯುವವರ ಕಾಲಬುಡಕ್ಕೇ ಬಂದು ನಿಲ್ಲುತ್ತಾರೆ. ಇಲ್ಲಿಯೇ ರೂಪುಗೊಂಡ ಈ ವರಸೆಯನ್ನು ಈಗ ಬೇರೆ ಪಾರ್ಕ್‌ಗಳೂ ಅನುಕರಿಸುತ್ತಿವೆ.

ಸ್ಟುಡಿಯೋ ಕಟ್ಟಿದ ಭಯ

ಹೆಸರಿನಲ್ಲಿ ಹಾಗೂ ಗಾತ್ರದಲ್ಲಿ ಇಂದು ಮುಂದಿರುವುದು ಫ್ಲಾರಿಡಾದ ಒರ್ಲಾಂಡೊದಲ್ಲಿರುವ ಯೂನಿವರ್ಸಲ್ ಸ್ಟುಡಿಯೋಸ್‌ನ 'ಹ್ಯಾಲೋವೀನ್ ಹಾರರ್ ನೈಟ್ಸ್'. 1991ರಲ್ಲಿ 'ಫ್ರೈಟ್ ನೈಟ್ಸ್' ಎಂಬ ಹೆಸರಿನಲ್ಲಿ ಆರಂಭವಾದಾಗ ಅದು ಮೂರೇ ರಾತ್ರಿಗಳ ಕಾರ್ಯಕ್ರಮ. ಇದ್ದ ಬಂಗಲೆಯೂ 'ಡಂಜನ್ ಆಫ್ ಟೆರರ್' ಎಂಬ ಒಂದೇ ಒಂದು. ಮರುವರ್ಷವೇ ಈಗಿನ ಹೆಸರು ಬಂತು. 2024 ಮತ್ತು 2025ರಲ್ಲಿ ಆಗಸ್ಟ್ ಕೊನೆಯಿಂದ ನವೆಂಬರ್ ಮೊದಲ ವಾರದವರೆಗೆ ತಲಾ 48 ರಾತ್ರಿ, ಹತ್ತು ಬಂಗಲೆಗಳು ನಡೆದವು. ಕೊರೊನಾ ವರ್ಷವಾದ 2020ರಲ್ಲಿ ಉತ್ಸವ ರದ್ದಾಗಿತ್ತು.

ನಾಟ್ಸ್‌ಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸವೆಂದರೆ ಇಲ್ಲಿನ ಬಂಗಲೆಗಳ ಆಯುಷ್ಯ ಒಂದೇ ಋತು. ಸಿನಿಮಾ ಚಿತ್ರೀಕರಣದ ಸೌಂಡ್‌ಸ್ಟೇಜ್‌ಗಳಲ್ಲಿ ಹಾಗೂ ದೊಡ್ಡ ಡೇರೆಗಳಲ್ಲಿ ತಿಂಗಳುಗಟ್ಟಲೆ ಕೆಲಸ ಮಾಡಿ ಕಟ್ಟಿದ್ದನ್ನು ನವೆಂಬರ್‌ನಲ್ಲಿ ಒಡೆದುಹಾಕಲಾಗುತ್ತದೆ. ದಸರಾ ಗೊಂಬೆಯನ್ನಾದರೂ ಪೆಟ್ಟಿಗೆಯಲ್ಲಿಟ್ಟು ಮುಂದಿನ ವರ್ಷಕ್ಕೆ ಕಾಯ್ದಿರಿಸುತ್ತಾರೆ. ಇಲ್ಲಿ ಮಾತ್ರ ಗಣೇಶ ವಿಸರ್ಜನೆಯ ನ್ಯಾಯ.

ಬಂಗಲೆಗಳಲ್ಲಿ ಎರಡು ಬಗೆ. ಪ್ರಸಿದ್ಧ ಚಿತ್ರ ಅಥವಾ ಧಾರಾವಾಹಿಗಳನ್ನು ಆಧರಿಸಿದವು ಒಂದು. ಸಂಸ್ಥೆಯ ಕಲಾವಿದರೇ ಹೆಣೆದ ಸ್ವತಂತ್ರ ಕತೆಗಳವು ಇನ್ನೊಂದು. ಜಾಹೀರಾತಿನಲ್ಲಿ ಮೊದಲ ಬಗೆಯವೇ ಮುಂದೆ. 2017ರ 'ದಿ ಶೈನಿಂಗ್', 2018ರ 'ಸ್ಟ್ರೇಂಜರ್ ಥಿಂಗ್ಸ್', 2023ರ 'ದಿ ಲಾಸ್ಟ್ ಆಫ್ ಅಸ್' ಈ ಸಾಲಿನವು. ಇವುಗಳ ಪೈಕಿ ಕಟ್ಟುವ ಕಲೆಯ ದೃಷ್ಟಿಯಿಂದ ಮೊದಲ ಸ್ಥಾನ ಕೊಡಬೇಕಾದದ್ದು 2013ರ 'ಆನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್'ಗೆ. ಜಾನ್ ಲ್ಯಾಂಡಿಸ್ 1981ರಲ್ಲಿ ನಿರ್ದೇಶಿಸಿದ ಈ ಚಿತ್ರದಲ್ಲಿ ಮನುಷ್ಯ ತೋಳವಾಗುವ ದೃಶ್ಯ ರಿಕ್ ಬೇಕರ್‌ಗೆ ಪ್ರಸಾಧನದ ಮೊಟ್ಟಮೊದಲ ಸ್ಪರ್ಧಾತ್ಮಕ ಆಸ್ಕರ್ ತಂದುಕೊಟ್ಟಿತ್ತು. ತೆರೆಯ ಮೇಲೆ ಅಷ್ಟು ಕಷ್ಟದ್ದಾದ ಆ ತೋಳವನ್ನು ಜನರ ಮೂಗಿನ ಮುಂದೆ ತರಲು ಬಂಗಲೆಯ ಕಲಾವಿದರು ಆಶ್ರಯಿಸಿದ್ದು ದೊಡ್ಡ ಸೂತ್ರದ ಬೊಂಬೆಗಳನ್ನು. ಕಂಪ್ಯೂಟರಿನ ಕಾಲದಲ್ಲಿ ಬೊಂಬೆಯಾಟ ಗೆದ್ದಿತು. 2015ರಲ್ಲಿ ಅದು ಮತ್ತೊಮ್ಮೆ ಬಂತು, ಅಲ್ಲಿ ಅಪರೂಪವಾಗಿ ದೊರೆಯುವ ಗೌರವ ಅದು.

ಆದರೂ ವರ್ಷ ವರ್ಷವೂ ಬರುವ ನಿಷ್ಠಾವಂತರನ್ನು ಕೇಳಿದರೆ ಅವರು ಸ್ವತಂತ್ರ ಬಂಗಲೆಗಳತ್ತಲೇ ಬೆರಳು ಮಾಡುತ್ತಾರೆ. ಕಾರಣ ಸರಳ. ಚಿತ್ರ ನೋಡಿದವರಿಗೆ ಮುಂದಿನ ಕೋಣೆಯಲ್ಲಿ ಏನಿದೆ ಎಂದು ಗೊತ್ತಿರುತ್ತದೆ. ಸ್ವತಂತ್ರ ಬಂಗಲೆಯಲ್ಲಿ ಗೊತ್ತಿರುವುದಿಲ್ಲ. 2008ರ 'ಡೆಡ್ ಎಕ್ಸ್‌ಪೋಷರ್'ನಲ್ಲಿ ಗಾಢ ಕತ್ತಲೆ, ಆಗಾಗ ಕ್ಯಾಮೆರಾ ಫ್ಲ್ಯಾಶ್‌ನಂತೆ ಮಿಂಚುವ ಬೆಳಕು, ಪ್ರತಿ ಮಿಂಚಿಗೂ ಇನ್ನಷ್ಟು ಹತ್ತಿರವಾಗುವ ಶವಗಳು. 2018ರ 'ಸ್ಲಾಟರ್ ಸಿನಿಮಾ' ಅಗ್ಗದ ಭಯಾನಕ ಚಿತ್ರಗಳ ಅಣಕ. ಹೆದರಿಸುವುದಕ್ಕಿಂತ ಹೆಚ್ಚು ನಗಿಸಿತು. 2022ರ 'ಡೆಡ್ ಮ್ಯಾನ್ಸ್ ಪಿಯರ್: ವಿಂಟರ್ಸ್ ವೇಕ್' ಮಂಜು ಕವಿದ ಮೀನುಗಾರರ ಹಳ್ಳಿ. ಸೌಂಡ್‌ಸ್ಟೇಜ್‌ನ ಒಳಗೆ ನಿಂತವರಿಗೆ ಕಡಲ ದಂಡೆಯಲ್ಲಿ ನಿಂತಂತಾಗುತ್ತಿತ್ತು. ಹೆದರುವುದನ್ನೇ ಮರೆತು ಸುತ್ತ ನೋಡುತ್ತ ನಿಲ್ಲುವಂಥ ಬಂಗಲೆ ಅದು.

ಲಾಸ್ ಏಂಜಲೀಸ್‌ನ ಯೂನಿವರ್ಸಲ್ ಹಾಲಿವುಡ್ ಬೇರೊಂದು ದಾರಿ ಹಿಡಿಯಿತು. ಆ ನಗರದ ಜನಸಂಖ್ಯೆಯಲ್ಲಿ ಮೆಕ್ಸಿಕೊ ಮೂಲದವರು ಗಣನೀಯ. ಮುಳುಗಿಸಿ ಕೊಂದ ತನ್ನ ಮಕ್ಕಳಿಗಾಗಿ ಅಳುತ್ತ ಅಲೆಯುವ 'ಲಾ ಯೊರೋನಾ' ಅವರ ಅಜ್ಜಿಯರ ಕತೆ. ಅದನ್ನೇ 2011ರಲ್ಲಿ ಬಂಗಲೆಯಾಗಿ ಕಟ್ಟಲಾಯಿತು. 2022ರಲ್ಲಿ ಅದು ಮರಳಿ ಬಂತು. 2023ರಲ್ಲಿ ಲ್ಯಾಟಿನ್ ಅಮೆರಿಕದ ಜನಪದ ಪಿಶಾಚಿಗಳಿಗೇ ಒಂದು ಬಂಗಲೆ ಮೀಸಲಾಯಿತು. ಬಾಲ್ಯದಲ್ಲಿ ಮಲಗಿಸಲು ಹೇಳಿದ ಕತೆ ಎದುರಿಗೆ ಬಂದು ನಿಂತರೆ ಹುಟ್ಟುವ ಭಯಕ್ಕೆ ಯಾವ ಹಾಲಿವುಡ್ ಚಿತ್ರದ ಹಕ್ಕನ್ನೂ ಖರೀದಿಸಬೇಕಾಗಿಲ್ಲ.

ಹೆದರಿಸುವ ಬಗೆ

ಬಂಗಲೆಯೊಳಗಿನ ನಡಿಗೆ ಸಾಮಾನ್ಯವಾಗಿ ನಾಲ್ಕೈದು ನಿಮಿಷದ್ದು. ಅಕ್ಟೋಬರ್‌ನ ಶನಿವಾರಗಳಲ್ಲಿ ಅದಕ್ಕಾಗಿ ಒಂದು ಗಂಟೆಗೂ ಮಿಕ್ಕಿ ಕಾಯಬೇಕಾಗುತ್ತದೆ. ಲೆಕ್ಕ ಹಾಕಿದರೆ ದುಬಾರಿ ಭಯ.

ಆ ನಾಲ್ಕೈದು ನಿಮಿಷಗಳ ಹಿಂದಿರುವುದು ಕರಾರುವಾಕ್ಕಾದ ಲೆಕ್ಕಾಚಾರ. ದಾರಿ ನೇರವಾಗಿರುವುದಿಲ್ಲ, ಪ್ರತಿ ತಿರುವಿನಲ್ಲೂ ಮುಂದಿನವರು ಕಣ್ಮರೆಯಾಗಬೇಕು. ಎಡಗಡೆ ಕಣ್ಣು ಸೆಳೆಯುವ ಬೊಂಬೆಯೊಂದಿದ್ದರೆ ನಿಜವಾದ ನಟ ಬಲಗಡೆಯ ಕರಿಪರದೆಯ ಹಿಂದಿರುತ್ತಾನೆ. ಹತ್ತು ಬೊಂಬೆಗಳ ನಡುವೆ ಅಲುಗಾಡದೆ ಕುಳಿತ ಹನ್ನೊಂದನೆಯದು ಮನುಷ್ಯ. ಮಿಣುಕುವ ಸ್ಟ್ರೋಬ್ ದೀಪ ಚಲನೆಯನ್ನು ತುಂಡು ತುಂಡಾಗಿ ತೋರಿಸಿ ದೂರದ ಅಂದಾಜು ತಪ್ಪಿಸುತ್ತದೆ. ಕೊಳೆತ ವಾಸನೆ, ಸುಟ್ಟ ವಾಸನೆಗಳನ್ನೂ ಯಂತ್ರಗಳ ಮೂಲಕ ಹರಿಸಲಾಗುತ್ತದೆ. ಯೂನಿವರ್ಸಲ್ ತನ್ನ ವೇಷಧಾರಿಗಳನ್ನು 'ಸ್ಕೇರ್‌ಆಕ್ಟರ್' ಎಂದು ಕರೆಯುತ್ತದೆ. ಒಂದೇ ಪಾತ್ರಕ್ಕೆ ಒಬ್ಬರಿಗಿಂತ ಹೆಚ್ಚು ನಟರಿದ್ದು ಸರದಿಯಂತೆ ದುಡಿಯುತ್ತಾರೆ. ರಾತ್ರಿಯಿಡೀ ಕೆಲವೇ ಕ್ಷಣಗಳಿಗೊಮ್ಮೆ ಅದೇ ಕಿರುಚಾಟ, ಅದೇ ನೆಗೆತ. ಗಂಟಲು, ಮೊಣಕಾಲುಗಳ ಮೇಲೆ ಬೀಳುವ ಹೊರೆ ಕಡಿಮೆಯದ್ದಲ್ಲ.

ಎರಡೂ ಪಾರ್ಕ್‌ಗಳಲ್ಲಿ ಒಂದು ನಿಯಮಕ್ಕೆ ವಿನಾಯಿತಿಯಿಲ್ಲ. ನಟ ಪ್ರೇಕ್ಷಕನನ್ನು ಮುಟ್ಟುವಂತಿಲ್ಲ, ಪ್ರೇಕ್ಷಕನೂ ನಟನನ್ನು ಮುಟ್ಟುವಂತಿಲ್ಲ.

ಬೊಂಬೆಯಲ್ಲ, ಹೆಣ

ಬೊಂಬೆ ಯಾವುದು, ಮನುಷ್ಯ ಯಾರು ಎಂಬ ಈ ಗೊಂದಲ ಬಂಗಲೆಗಳ ಬಂಡವಾಳ. ಅದೇ ಗೊಂದಲ ಎರಡು ಬಾರಿ ನಿಜವಾದದ್ದು ಅಮೆರಿಕದ ಮನೋರಂಜನೆಯ ಇತಿಹಾಸದಲ್ಲಿ ದಾಖಲಾಗಿದೆ.

ಮೊದಲನೆಯದು ವಿಚಿತ್ರ. 1976ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿದ್ದ ಹಳೆಯ ಮನೋರಂಜನಾ ತಾಣವೊಂದರಲ್ಲಿ 'ದಿ ಸಿಕ್ಸ್ ಮಿಲಿಯನ್ ಡಾಲರ್ ಮ್ಯಾನ್' ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿತ್ತು. ಕತ್ತಲ ಸವಾರಿಯಲ್ಲಿ ನೇತುಹಾಕಿದ್ದ ಬೊಂಬೆಯನ್ನು ಸರಿಸಲು ಹೋದಾಗ ಅದರ ಕೈ ಮುರಿದು ಒಳಗಿನ ಮೂಳೆ ಕಂಡಿತು. ಅದು 1911ರಲ್ಲಿ ಒಕ್ಲಹೋಮಾದಲ್ಲಿ ಗುಂಡೇಟಿಗೆ ಸತ್ತ ರೈಲು ದರೋಡೆಕೋರ ಎಲ್ಮರ್ ಮೆಕರ್ಡಿಯ ದೇಹವೆಂದು ತನಿಖೆಯಿಂದ ಖಚಿತವಾಯಿತು. ಕೆಡದಂತೆ ಸಂಸ್ಕರಿಸಿದ್ದ ಹೆಣವನ್ನು ಸಂತೆ, ಪ್ರದರ್ಶನಗಳವರು ಕೈಯಿಂದ ಕೈಗೆ ದಾಟಿಸುತ್ತ ದಶಕಗಳ ಕಾಲ ಕಾಸು ಮಾಡಿಕೊಂಡಿದ್ದರು. ಕೊನೆಗೆ ಅದು ಹೆಣವೆಂಬುದೇ ಎಲ್ಲರಿಗೂ ಮರೆತುಹೋಗಿತ್ತು. 1977ರಲ್ಲಿ ಒಕ್ಲಹೋಮಾದ ಗಥ್ರಿಯಲ್ಲಿ ಅವನನ್ನು ಮಣ್ಣು ಮಾಡಲಾಯಿತು. ಮತ್ತೆ ಯಾರೂ ಎತ್ತಿಕೊಂಡು ಹೋಗದಿರಲೆಂದು ಶವಪೆಟ್ಟಿಗೆಯ ಮೇಲೆ ಕಾಂಕ್ರೀಟ್ ಸುರಿಯಲಾಯಿತು.

ಎರಡನೆಯದು ದುರಂತ. ನ್ಯೂಜೆರ್ಸಿಯ ಜ್ಯಾಕ್ಸನ್‌ನಲ್ಲಿರುವ ಸಿಕ್ಸ್ ಫ್ಲಾಗ್ಸ್ ಗ್ರೇಟ್ ಅಡ್ವೆಂಚರ್ ಪಾರ್ಕ್‌ನಲ್ಲಿ 1979ರಿಂದ 'ಹಾಂಟೆಡ್ ಕಾಸಲ್' ಎಂಬ ಭೂತಬಂಗಲೆಯಿತ್ತು. ಹೊರಗಿನಿಂದ ಕೋಟೆಯಂತೆ ಕಂಡರೂ ಒಳಗಿದ್ದದ್ದು ಸಾಲಾಗಿ ಜೋಡಿಸಿದ ಟ್ರಕ್ ಟ್ರೇಲರ್‌ಗಳು. 1984ರ ಮೇ 11ರ ಸಂಜೆ ಒಳಗಿನ ದೀಪವೊಂದು ಕೆಟ್ಟು ದಾರಿ ಕಾಣದಾದಾಗ ಹುಡುಗನೊಬ್ಬ ಸಿಗರೇಟ್ ಲೈಟರ್ ಹೊತ್ತಿಸಿದ. ಜನ ಡಿಕ್ಕಿ ಹೊಡೆದರೆ ನೋವಾಗದಿರಲೆಂದು ಗೋಡೆಗೆ ಹಚ್ಚಿದ್ದ ಫೋಮ್‌ಗೆ ಆ ಕಿಡಿ ತಗಲಿತು. ಬೆಂಕಿ ಕ್ಷಣಗಳಲ್ಲಿ ಹಬ್ಬಿತು. ಒಳಗೆ ನೀರು ಸಿಂಪಡಿಸುವ ಸ್ಪ್ರಿಂಕ್ಲರ್ ಇರಲಿಲ್ಲ. ಹೊಗೆ ಪತ್ತೆ ಸಾಧನವೂ ಇರಲಿಲ್ಲ. ಐದು ವರ್ಷ ಅಲ್ಲಿಯೇ ನಿಂತಿದ್ದರೂ ಕಟ್ಟಡವನ್ನು ತಾತ್ಕಾಲಿಕವೆಂದು ಪರಿಗಣಿಸಲಾಗಿತ್ತು. ದಾರಿ ತಪ್ಪಿಸುವುದಕ್ಕೆಂದೇ ಕಟ್ಟಿದ ಓಣಿಗಳಲ್ಲಿ ದಾರಿ ಸಿಗದೆ ಎಂಟು ಮಂದಿ ಹದಿಹರೆಯದವರು ಸತ್ತರು. ಒಳಹೊಕ್ಕ ರಕ್ಷಣಾ ಸಿಬ್ಬಂದಿ ಮೊದಲಿಗೆ ಆ ದೇಹಗಳನ್ನು ಬೊಂಬೆಗಳೆಂದೇ ಭಾವಿಸಿದ್ದರು ಎಂದು ವರದಿಯಾಗಿದೆ. ಸಂಸ್ಥೆಯ ಮೇಲೆ ನರಹತ್ಯೆಯ ಮೊಕದ್ದಮೆ ನಡೆಯಿತು. ಬೆಂಕಿ ಹಚ್ಚಿದವರ ಕೃತ್ಯವಿದು ಎಂದು ಸಂಸ್ಥೆ ವಾದಿಸಿತು. 1985ರಲ್ಲಿ ನ್ಯಾಯದರ್ಶಿ ಮಂಡಳಿ ಸಂಸ್ಥೆಯನ್ನು ದೋಷಮುಕ್ತಗೊಳಿಸಿತು.

ತೀರ್ಪು ಏನೇ ಇರಲಿ, ಇಂದಿನ ಪ್ರತಿಯೊಂದು ಭೂತಬಂಗಲೆಯ ಒಳವಿನ್ಯಾಸವನ್ನು ನಿರ್ಧರಿಸಿದ್ದು ಆ ಸಂಜೆ. ಅಮೆರಿಕದ ಅಗ್ನಿ ಸುರಕ್ಷತಾ ಸಂಹಿತೆಗಳಲ್ಲಿ ಇಂಥ ಕಟ್ಟಡಗಳಿಗೆಂದೇ ಪ್ರತ್ಯೇಕ ವರ್ಗ ಸೃಷ್ಟಿಯಾಯಿತು. ದಾರಿ ಸುಲಭವಾಗಿ ಕಾಣದಂತೆ ಬೇಕೆಂದೇ ಮರೆಮಾಡಿದ ಮನೋರಂಜನಾ ಕಟ್ಟಡ ಎಂಬುದು ಅದರ ತಿರುಳು. ಅದರಂತೆ ಸ್ಪ್ರಿಂಕ್ಲರ್ ಕಡ್ಡಾಯ. ಹೊಗೆ ಕಂಡ ಕೂಡಲೇ ಕತ್ತಲೆಯ ಬಂಗಲೆಯಲ್ಲಿ ದೀಪಗಳು ತಾವಾಗಿಯೇ ಹೊತ್ತಿಕೊಳ್ಳಬೇಕು. ಕಿರುಚಾಟ, ಸಂಗೀತ, ಮಿಣುಕು ಬೆಳಕುಗಳೆಲ್ಲ ತಾವಾಗಿಯೇ ನಿಂತು ಹೊರಹೋಗುವ ದಾರಿ ಕಾಣಬೇಕು. ಗೋಡೆಗೆ ಹಚ್ಚುವ ಸಾಮಗ್ರಿ ಬೇಗ ಹೊತ್ತಿಕೊಳ್ಳುವಂಥದ್ದಾಗಿರಬಾರದು. ಹೀಗೆ ನಾಲ್ಕು ದಶಕಗಳಿಂದ ಕಲಾವಿದರು ಕತ್ತಲೆಯನ್ನು ಕಟ್ಟುವಾಗಲೇ ಅದನ್ನು ಒಂದೇ ಕ್ಷಣದಲ್ಲಿ ಕೆಡವುವ ವ್ಯವಸ್ಥೆಯನ್ನೂ ಕಟ್ಟುತ್ತಿದ್ದಾರೆ. ನಾಟ್ಸ್‌ನ ಒಡೆತನವಿದ್ದ ಸೀಡರ್ ಫೇರ್ ಸಂಸ್ಥೆ 2024ರಲ್ಲಿ ಸಿಕ್ಸ್ ಫ್ಲಾಗ್ಸ್‌ನೊಂದಿಗೆ ವಿಲೀನವಾದ್ದರಿಂದ ಮೊದಲ ಹ್ಯಾಲೋವೀನ್ ಉತ್ಸವದ ತವರೂ ಆ ದುರಂತ ನಡೆದ ಪಾರ್ಕೂ ಒಂದೇ ಹೆಸರಿನ ಕೆಳಗೆ ಬಂದಿವೆ.

ಭಾರತದ ಓದುಗರಿಗೆ ಇದು ದೂರದ ಮಾತಾಗಿ ಉಳಿದಿಲ್ಲ. 2024ರ ಮೇ 25ರಂದು ಗುಜರಾತಿನ ರಾಜಕೋಟ್‌ನ ಟಿಆರ್‌ಪಿ ಗೇಮ್ ಝೋನ್‌ನಲ್ಲಿ ಬೆಂಕಿ ಬಿದ್ದು ಮಕ್ಕಳೂ ಸೇರಿದಂತೆ 27 ಮಂದಿ ಸತ್ತರು. ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರವಿಲ್ಲದೆ ಅದು ನಡೆಯುತ್ತಿತ್ತು. ಮೇಲ್ನೋಟಕ್ಕೆ ಇದು ಮಾನವ ನಿರ್ಮಿತ ದುರಂತವೆಂದು ಗುಜರಾತ್ ಹೈಕೋರ್ಟ್ ಹೇಳಿತು. ತಗಡಿನ ಶೆಡ್, ಕಿರಿದಾದ ದಾರಿ, ಸುಲಭವಾಗಿ ಉರಿಯುವ ಸಾಮಗ್ರಿ: ನಮ್ಮ ಜಾತ್ರೆಗಳ ದೆವ್ವದ ಮನೆಯ ಮುಂದೆ ಟಿಕೆಟ್ ಕೊಳ್ಳುವವರು ಒಳಗಿನ ದೆವ್ವಕ್ಕಿಂತ ಮೊದಲು ಹೊರಬಾಗಿಲನ್ನು ವಿಚಾರಿಸುವುದು ಮೇಲು.

ಯಾರನ್ನು ತೋರಿಸಿ ಹೆದರಿಸಬೇಕು?

ಬೆಂಕಿಗೆ ನಿಯಮ ಬಂತು. ಕತೆಗೆ ನಿಯಮ ಬರುವುದು ತಡವಾಯಿತು. ಹುಚ್ಚಾಸ್ಪತ್ರೆ ಎಂಬುದು ಬಹುಕಾಲ ಈ ಬಂಗಲೆಗಳ ಸಿದ್ಧ ವಸ್ತು. ಒರ್ಲಾಂಡೊದಲ್ಲಿಯೂ 2003ರಿಂದ 'ಸೈಕೋಸ್ಕೇರಪಿ' ಸರಣಿ ಜನಪ್ರಿಯವಾಗಿತ್ತು. 2016ರಲ್ಲಿ ನಾಟ್ಸ್ ಉತ್ಸವದಲ್ಲಿ ಮನೋರೋಗಿಗಳ ಆಸ್ಪತ್ರೆಯನ್ನು ಹಿನ್ನೆಲೆಯಾಗಿಟ್ಟುಕೊಂಡ, ಕಣ್ಣಿಗೆ ಕಟ್ಟುವ ವರ್ಚುವಲ್ ರಿಯಾಲಿಟಿ ಆಕರ್ಷಣೆಯೊಂದು ಬಂತು. ಅದರ ಹೆಸರಿನಲ್ಲಿದ್ದ 5150 ಎಂಬ ಸಂಖ್ಯೆ, ಮಾನಸಿಕ ಅಸ್ವಸ್ಥರನ್ನು ಅವರ ಒಪ್ಪಿಗೆಯಿಲ್ಲದೆ ತಡೆದಿಡುವ ಕ್ಯಾಲಿಫೋರ್ನಿಯಾ ಕಾನೂನಿನ ಕಲಮು. ಮಾನಸಿಕ ಆರೋಗ್ಯ ಕ್ಷೇತ್ರದ ಸಂಘಟನೆಗಳೂ ರೋಗಿಗಳ ಕುಟುಂಬದವರೂ ಪ್ರತಿಭಟಿಸಿದರು. ಮೊದಲು ಹೆಸರಿನಿಂದ ಸಂಖ್ಯೆಯನ್ನು ತೆಗೆಯಲಾಯಿತು. ಅಷ್ಟಕ್ಕೆ ಸಮಾಧಾನವಾಗದೆ, ಕೆಲವೇ ದಿನಗಳಲ್ಲಿ ಇಡೀ ಆಕರ್ಷಣೆಯನ್ನೇ ಮುಚ್ಚಲಾಯಿತು. ಭಯೋತ್ಸವದ ಅಭಿಮಾನಿಗಳಲ್ಲಿ ಇದನ್ನು ಅತಿಯಾಯಿತು ಎಂದವರೂ ಇದ್ದರು. ಆದರೆ ರೋಗಿಯನ್ನು ರಾಕ್ಷಸನನ್ನಾಗಿಸಿ ನೋಡುವ ವಿನೋದಕ್ಕೆ ಸ್ವತಃ ರೋಗಿಯ ಮನೆಯವರೂ ಟಿಕೆಟ್ ಕೊಂಡು ಬಂದಿರಬಹುದು ಎಂಬ ಮಾತನ್ನು ತಳ್ಳಿಹಾಕುವುದು ಕಷ್ಟ.

ಭಯ ಬೇಡ, ಭೂತ ಮಾತ್ರ ಸಾಕು ಎನ್ನುವವರಿಗೆ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ 1969ರ ಆಗಸ್ಟ್ 9ರಂದು ತೆರೆದ 'ಹಾಂಟೆಡ್ ಮ್ಯಾನ್ಶನ್' ಇದೆ. ನೃತ್ಯಶಾಲೆಯಲ್ಲಿ ಪಾರದರ್ಶಕ ಪ್ರೇತಗಳು ಕುಣಿಯುವ ಅಲ್ಲಿನ ದೃಶ್ಯಕ್ಕೆ ಆಧಾರ, 1862ರಲ್ಲಿ ಲಂಡನ್‌ನಲ್ಲಿ ಪ್ರದರ್ಶನಗೊಂಡ 'ಪೆಪರ್ಸ್ ಗೋಸ್ಟ್' ಎಂಬ ಗಾಜಿನ ಪ್ರತಿಬಿಂಬದ ಚಮತ್ಕಾರ. 2001ರಿಂದ ಹ್ಯಾಲೋವೀನ್ ಋತುವಿನಲ್ಲಿ 'ದಿ ನೈಟ್‌ಮೇರ್ ಬಿಫೋರ್ ಕ್ರಿಸ್‌ಮಸ್' ಚಿತ್ರದ ಅಲಂಕಾರ ಅದಕ್ಕೆ ಸೇರುತ್ತಿದೆ. ಮಕ್ಕಳೊಂದಿಗೆ ಹೋಗುವವರಿಗೆ ಇದೇ ಸೂಕ್ತ.

ಸಿಂಗಪುರದ ದಾರಿ

ಕರ್ನಾಟಕದಿಂದ ಹೊರಡುವವರಿಗೆ ಹತ್ತಿರದ ದೊಡ್ಡ ಉತ್ಸವ ಸಿಂಗಪುರದ ಯೂನಿವರ್ಸಲ್ ಸ್ಟುಡಿಯೋಸ್‌ನದು. ಬೆಂಗಳೂರಿನಿಂದ ನೇರ ವಿಮಾನವಿದೆ. 2011ರಲ್ಲಿ ಆರಂಭವಾದ ಈ ಉತ್ಸವ ಕೊರೊನಾ ಕಾರಣ 2020 ಮತ್ತು 2021ರಲ್ಲಿ ನಿಂತು 2022ರಲ್ಲಿ ಪುನರಾರಂಭವಾಯಿತು. ಏಷ್ಯಾದ ಭೂತಗಳೇ ಇದರ ವೈಶಿಷ್ಟ್ಯ. 2016ರಲ್ಲಿ ಇಲ್ಲಿ ಪಾಳುಬಿದ್ದ 'ಓಲ್ಡ್ ಚಾಂಗಿ ಹಾಸ್ಪಿಟಲ್' ಕುರಿತ ಸ್ಥಳೀಯರ ಭಯವೂ ಬಂಗಲೆಯಾಯಿತು, ಜನ ದಿನನಿತ್ಯ ಉಣ್ಣುವ ಹಾಕರ್ ಸೆಂಟರ್ ಕೂಡ ಬಂಗಲೆಯಾಯಿತು. 2018ರಲ್ಲಿ ಹೆರಿಗೆಯಲ್ಲಿ ಸತ್ತ ಹೆಣ್ಣಿನ ಪ್ರೇತವಾದ ಮಲಯ ಜನಪದದ 'ಪೊಂಟಿಯಾನಕ್' ಬಂತು. ಬಾಣಂತಿ ಸತ್ತರೆ ದೆವ್ವವಾಗುತ್ತಾಳೆ ಎಂಬ ಕತೆಗಳನ್ನು ಕೇಳಿ ಬೆಳೆದ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೋಗುವವರು ಗಮನಿಸಬೇಕಾದ ಕೆಲವು ಅಂಶಗಳಿವೆ. ಈ ರಾತ್ರಿ ಉತ್ಸವಗಳಿಗೆ ಹಗಲಿನ ಟಿಕೆಟ್ ನಡೆಯುವುದಿಲ್ಲ. ಒರ್ಲಾಂಡೊದ ಉತ್ಸವ 13 ವರ್ಷದೊಳಗಿನ ಮಕ್ಕಳಿಗೆ ತಕ್ಕದ್ದಲ್ಲವೆಂದು ಸಂಘಟಕರೇ ಎಚ್ಚರಿಸುತ್ತಾರೆ. ಪ್ರೇಕ್ಷಕರು ವೇಷ, ಮುಖವಾಡ ಧರಿಸಿ ಬರುವಂತಿಲ್ಲ. ಯಾರು ನಟ, ಯಾರು ಅಲ್ಲ ಎಂಬುದು ಸಿಬ್ಬಂದಿಗೆ ಗೊತ್ತಿರಬೇಕು. ಅಪಸ್ಮಾರ ಇರುವವರು ಸ್ಟ್ರೋಬ್ ದೀಪಗಳಿಂದ, ಉಬ್ಬಸ ಇರುವವರು ಕೃತಕ ಮಂಜಿನಿಂದ ದೂರವಿರುವುದು ಒಳಿತು. ಪ್ರತಿ ಬಂಗಲೆಯೊಳಗೂ ವೇಷವಿಲ್ಲದ ಸಿಬ್ಬಂದಿ ಟಾರ್ಚ್ ಹಿಡಿದು ನಿಂತಿರುತ್ತಾರೆ. ನಡುದಾರಿಯಲ್ಲಿ ಇನ್ನು ಸಾಕು ಎನಿಸಿದವರು ಅವರಿಗೆ ಹೇಳಿದರೆ ಹತ್ತಿರದ ಬಾಗಿಲಿನಿಂದ ಹೊರಗೆ ಬಿಡುತ್ತಾರೆ.